ವಿಮಾನದಲ್ಲಿ ಕೋವಿ ಹೋಗುತ್ತೆ, ಮರೆತ ಗುಂಡು ಹೋಗಲ್ಲ

ಆಗಾಗ ನಮ್ಮ ನ್ಯೂಸ್‌ರೂಮಿಗೆ ಒಂದೇ ಥರದ ಸುದ್ದಿ ಬರುತ್ತೆ. ‘ಏರ್‌ಪೋರ್ಟ್‌ನಲ್ಲಿ ಪ್ರಯಾಣಿಕನ ಬ್ಯಾಗಿನಲ್ಲಿ ಜೀವಂತ ಗುಂಡು ಪತ್ತೆ.’ ಸ್ಕ್ರೀನಿನ ಕೆಳಗೆ ಕೆಂಪು ಪಟ್ಟಿ, ಹಿಂದೆ ಢಂ ಢಂ ಮ್ಯೂಸಿಕ್ಕು. ಮನೆಯಲ್ಲಿ ಕಾಫಿ ಕುಡಿಯುತ್ತಾ ನೋಡುವವರು ಯಾರೋ ಭಯೋತ್ಪಾದಕನೇ ಸಿಕ್ಕಿಬಿದ್ದ ಅಂದುಕೊಳ್ಳುತ್ತಾರೆ. ಎರಡು ದಿನ ಬಿಟ್ಟು ವಿಚಾರಿಸಿದರೆ ಕಥೆ ಬಹಳ ಸಲ ಹೀಗಿರುತ್ತೆ: ಊರಿನ ಮನೆಯಿಂದ ತಂದ ಹಳೇ ಬ್ಯಾಗು, ಅದರ ಒಳಜೇಬು, ಅಲ್ಲಿ ಅಪ್ಪನೋ ಚಿಕ್ಕಪ್ಪನೋ ಎಂದೋ ಹಾಕಿ ಮರೆತ ಒಂದೇ ಒಂದು ತೋಟಾ.

ತಮಾಷೆ ಏನು ಗೊತ್ತಾ? ಅದೇ ದಿನ, ಅದೇ ಏರ್‌ಪೋರ್ಟಿನಿಂದ, ಇನ್ನೊಬ್ಬರು ಒಂದು ರೈಫಲ್ಲು, ಒಂದು ಡಬ್ಬಿ ಗುಂಡು ಸಮೇತ ಆರಾಮವಾಗಿ ಹಾರಿ ಹೋಗಿರಬಹುದು. ಯಾರೂ ತಡೆದಿರಲ್ಲ, ಯಾವ ಪಟ್ಟಿಯೂ ಓಡಿರಲ್ಲ. ಯಾಕೆಂದರೆ ಅವರು ಕೌಂಟರ್‌ನಲ್ಲೇ ‘ನನ್ನ ಹತ್ತಿರ ಕೋವಿ ಇದೆ’ ಅಂತ ಹೇಳಿ, ಕಾಗದ ತೋರಿಸಿ, ಸಹಿ ಹಾಕಿ ಹೋಗಿರುತ್ತಾರೆ.

‘ವಿಮಾನದಲ್ಲಿ ಬಂದೂಕು ತಗೊಂಡು ಹೋಗಬಹುದಾ?’ ಅಂತ ಕೇಳಿದರೆ ಹತ್ತರಲ್ಲಿ ಒಂಬತ್ತು ಜನ ‘ಛೇ, ಸಾಧ್ಯವೇ ಇಲ್ಲ’ ಅನ್ನುತ್ತಾರೆ. ಸಾಧ್ಯ ಇದೆ. ಭಾರತದಲ್ಲೂ ಇದೆ, ಅಮೆರಿಕದಲ್ಲೂ ಇದೆ. ಎಲ್ಲಿ ಇಡಬೇಕು, ಹೇಗೆ ಇಡಬೇಕು, ಯಾರಿಗೆ ಹೇಳಬೇಕು ಅನ್ನುವುದರಲ್ಲಿ ಎಲ್ಲ ಇದೆ.

ಮೊದಲು ಕ್ಯಾಬಿನ್ ವಿಷಯ. ನಾವು ಕೂರುವ ಜಾಗಕ್ಕೆ ಆಯುಧ ಬರುವ ಹಾಗಿಲ್ಲ. ಆಟಿಕೆ ಪಿಸ್ತೂಲ್ ಕೂಡ ಬರುವ ಹಾಗಿಲ್ಲ. ಮಗುವಿನ ಪ್ಲಾಸ್ಟಿಕ್ ಗನ್ ಕಿತ್ತುಕೊಂಡರು ಅಂತ ಸಿಟ್ಟಾಗುವವರಿಗೆ ಎರಡು ಘಟನೆ ನೆನಪಿಸುತ್ತೇನೆ. 1971ರ ಜನವರಿ 30ರಂದು ಶ್ರೀನಗರದಿಂದ ಜಮ್ಮುವಿಗೆ ಹೊರಟಿದ್ದ ಇಂಡಿಯನ್ ಏರ್‌ಲೈನ್ಸ್‌ನ ‘ಗಂಗಾ’ ವಿಮಾನವನ್ನು ಇಬ್ಬರು ಹುಡುಗರು ಲಾಹೋರ್‌ಗೆ ತಿರುಗಿಸಿದರು. ಅವರ ಕೈಯಲ್ಲಿದ್ದದ್ದು ಆಟಿಕೆ ಪಿಸ್ತೂಲು, ಮರದ ಗ್ರೆನೇಡು. ವಿಮಾನ ಸುಟ್ಟುಹೋಯಿತು, ಭಾರತ ತನ್ನ ಆಕಾಶದಲ್ಲಿ ಪಾಕಿಸ್ತಾನದ ವಿಮಾನಗಳು ಹಾರದಂತೆ ನಿಷೇಧ ಹಾಕಿತು, ಆ ವರ್ಷ ಮುಂದೆ ಏನಾಯಿತು ಅಂತ ಎಲ್ಲರಿಗೂ ಗೊತ್ತು. 1978ರ ಡಿಸೆಂಬರ್‌ನಲ್ಲಿ ಇನ್ನೊಂದು. ಲಖನೌದಿಂದ ದೆಹಲಿಗೆ ಹೋಗುತ್ತಿದ್ದ ವಿಮಾನವನ್ನು ಪಾಂಡೆ ಹೆಸರಿನ ಇಬ್ಬರು ವಾರಾಣಸಿಗೆ ಇಳಿಸಿದರು. ಬೇಡಿಕೆ, ಇಂದಿರಾ ಗಾಂಧಿಯವರ ಬಿಡುಗಡೆ. ಅವರ ಹತ್ತಿರವೂ ಇದ್ದದ್ದು ಆಟಿಕೆಯೇ. ಮುಂದೆ ಇಬ್ಬರೂ ಉತ್ತರ ಪ್ರದೇಶದಲ್ಲಿ ಶಾಸಕರಾದರು ಅನ್ನುವುದು ಬೇರೆ ಮಾತು, ಅದನ್ನು ಇನ್ನೊಂದು ದಿನ ಮಾತಾಡೋಣ. ಮೂವತ್ತು ಸಾವಿರ ಅಡಿ ಮೇಲೆ ನಿಜವಾದ ಗನ್ ಯಾವುದು, ಆಟಿಕೆ ಯಾವುದು ಅಂತ ಪರೀಕ್ಷೆ ಮಾಡುವ ಧೈರ್ಯ ಯಾವ ಪೈಲಟ್‌ಗೂ ಬರಲ್ಲ.

ಹಾಗಾದರೆ ಆಯುಧ ಎಲ್ಲಿ ಹೋಗಬೇಕು? ವಿಮಾನದ ಹೊಟ್ಟೆಯಲ್ಲಿ. ಚೆಕ್-ಇನ್ ಬ್ಯಾಗೇಜ್ ಆಗಿ. ಇಲ್ಲೊಂದು ಪ್ರಶ್ನೆ ಹುಟ್ಟುತ್ತೆ. ಪವರ್ ಬ್ಯಾಂಕನ್ನು ಚೆಕ್-ಇನ್ ಬ್ಯಾಗಿನಲ್ಲಿ ಹಾಕಬೇಡಿ, ಕೈಯಲ್ಲೇ ಇಟ್ಟುಕೊಳ್ಳಿ ಅಂತಾರೆ. ಗುಂಡನ್ನು ಕೈಯಲ್ಲಿ ಇಟ್ಟುಕೊಳ್ಳಬೇಡಿ, ಚೆಕ್-ಇನ್‌ಗೆ ಹಾಕಿ ಅಂತಾರೆ. ಮೊಬೈಲ್ ಚಾರ್ಜ್ ಮಾಡುವ ಡಬ್ಬಿ ಕೆಳಗೆ ಹೋಗಲ್ಲ, ಮದ್ದು ತುಂಬಿದ ಗುಂಡು ಹೋಗುತ್ತೆ! ಇದೆಂಥ ನ್ಯಾಯ?

ಓದಿದ್ದು ಎಂಜಿನಿಯರಿಂಗ್ ಆದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಲಿಥಿಯಂ ಬ್ಯಾಟರಿ ಯಾರೂ ಮುಟ್ಟದಿದ್ದರೂ ತಾನೇ ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಹೊತ್ತಿಕೊಂಡರೆ ತನ್ನ ಬೆಂಕಿಯನ್ನು ತಾನೇ ಬೆಳೆಸಿಕೊಳ್ಳುತ್ತೆ. ಅದು ಕ್ಯಾಬಿನ್‌ನಲ್ಲಿದ್ದರೆ ಸಿಬ್ಬಂದಿ ಓಡಿ ಬಂದು ನೀರು ಹಾಕಬಹುದು, ಕೆಳಗಿದ್ದರೆ ಯಾರೂ ತಲುಪಲ್ಲ. ಗುಂಡು ಹಾಗಲ್ಲ. ಅದರೊಳಗಿನ ಮದ್ದು ತಾನಾಗಿ ಹೊತ್ತಬೇಕಾದರೆ 150 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಬಿಸಿ ಬೇಕು. ದೊಡ್ಡ ಪ್ರಯಾಣಿಕ ವಿಮಾನಗಳ ಲಗೇಜ್ ಜಾಗದಲ್ಲೂ ಕ್ಯಾಬಿನ್‌ನಷ್ಟೇ ಗಾಳಿಯ ಒತ್ತಡ ಇರುತ್ತೆ, ಹಾಗಾಗಿ ಎತ್ತರಕ್ಕೆ ಹೋದಾಗ ಒತ್ತಡಕ್ಕೆ ಸಿಡಿಯುತ್ತೆ ಅನ್ನುವುದು ಸುಳ್ಳು. ಒಂದು ವೇಳೆ ಡಬ್ಬಿಯೊಳಗೆ ಒಂದು ಗುಂಡು ಹೊತ್ತಿಕೊಂಡರೂ ನಳಿಗೆಯಲ್ಲಿ ಇಲ್ಲದ ಗುಂಡು ಸಿನಿಮಾದಲ್ಲಿ ತೋರಿಸುವ ಹಾಗೆ ಹಾರಲ್ಲ. ಅನಿಲವನ್ನು ಒಂದೇ ದಿಕ್ಕಿಗೆ ನೂಕುವ ನಳಿಗೆ ಇಲ್ಲದಿದ್ದರೆ ಹಿತ್ತಾಳೆಯ ಕೋಶವೇ ಬಿರಿದು ಪಟಾಕಿ ಥರ ಠುಸ್ ಅನ್ನುತ್ತೆ. ಅದಕ್ಕೇ ಅಂತರರಾಷ್ಟ್ರೀಯ ನಿಯಮದಲ್ಲಿ ಇಂಥ ಗುಂಡುಗಳಿಗೆ 1.4ಎಸ್ ಅನ್ನುವ ವರ್ಗ ಇದೆ. ಅಂದರೆ ಏನೇ ಆದರೂ ಪರಿಣಾಮ ಆ ಪೊಟ್ಟಣದ ಆಚೆ ಹೆಚ್ಚು ಹೋಗದ ಸ್ಫೋಟಕ. ಗುಂಡಿನ ವಿಷಯದಲ್ಲಿ ಭಯ ಇರುವುದು ಅದನ್ನು ತುಂಬಿ ಕುದುರೆ ಎಳೆಯುವ ಕೈ ಬಗ್ಗೆ. ಕೈಗೂ ಗುಂಡಿಗೂ ನಡುವೆ ವಿಮಾನದ ನೆಲ ಇದ್ದುಬಿಟ್ಟರೆ ಅಪಾಯ ಮುಗಿಯಿತು.

ಆ 1.4ಎಸ್ ವರ್ಗದ ಗುಂಡಿಗೂ ಮಿತಿ ಇದೆ. ಒಬ್ಬರಿಗೆ ಪ್ಯಾಕಿಂಗ್ ಸೇರಿ 5 ಕೆ.ಜಿ. ಗಂಡನ 5, ಹೆಂಡತಿಯ 5 ಸೇರಿಸಿ ಒಂದೇ ಪೆಟ್ಟಿಗೆಯಲ್ಲಿ 10 ಅಂತ ಮಾಡುವ ಹಾಗಿಲ್ಲ. ಹನ್ನೆರಡು ಬೋರಿನ ತೋಟಾ ಒಂದು ಸುಮಾರು 45 ಗ್ರಾಂ ತೂಗುತ್ತೆ, ಲೆಕ್ಕ ಹಾಕಿದರೆ ನೂರರ ಆಸುಪಾಸಿಗೆ 5 ಕೆ.ಜಿ. ಮುಗಿಯಿತು. ಸ್ಫೋಟಕ ತುಂಬಿದ್ದು, ಬೆಂಕಿ ಹಚ್ಚುವಂಥದ್ದು ಪೂರಾ ನಿಷಿದ್ಧ. ಏರ್‌ಲೈನ್‌ಗಳು ಇದಕ್ಕಿಂತ ಕಡಿಮೆ ಮಿತಿ ಹಾಕಬಹುದು, ಹಾಕುತ್ತಾರೆ ಕೂಡ. ಟಿಕೆಟ್ ಬುಕ್ ಮಾಡುವಾಗಲೇ ಫೋನ್ ಮಾಡಿ ಕೇಳಿಬಿಡಿ.

ಭಾರತದಲ್ಲಿ ಕ್ರಮ ಹೀಗೆ. ಮಾಮೂಲಿಗಿಂತ ಬೇಗ ಏರ್‌ಪೋರ್ಟ್ ತಲುಪಬೇಕು. ಚೆಕ್-ಇನ್ ಕೌಂಟರ್‌ನಲ್ಲಿ ಮೊದಲ ಮಾತೇ ಆಯುಧದ ಬಗ್ಗೆ ಇರಬೇಕು. ಪರವಾನಗಿ, ಗುರುತಿನ ಚೀಟಿ ಕೊಟ್ಟು, ಆಯುಧ ಖಾಲಿ ಇದೆ ಅಂತ ಘೋಷಣಾ ಪತ್ರಕ್ಕೆ ಸಹಿ ಹಾಕಬೇಕು. ಏರ್‌ಲೈನ್‌ನ ಭದ್ರತಾ ಸಿಬ್ಬಂದಿ ಪರೀಕ್ಷೆ ಮಾಡುತ್ತಾರೆ. ಆಯುಧ ಬೇರೆ, ಗುಂಡು ಬೇರೆ ಪ್ಯಾಕ್ ಆಗಬೇಕು. ಇದಕ್ಕೆ ಪ್ರತ್ಯೇಕ ಶುಲ್ಕ ಇರುತ್ತೆ. ಇನ್ನೊಂದು ಸಂಗತಿ ಬಹಳ ಜನ ನೋಡುವುದೇ ಇಲ್ಲ: ಪರವಾನಗಿಯಲ್ಲಿ ಅದು ಎಲ್ಲೆಲ್ಲಿ ಊರ್ಜಿತ ಅಂತ ಬರೆದಿರುತ್ತೆ. ಕರ್ನಾಟಕಕ್ಕೆ ಮಾತ್ರ ಅಂತ ಬರೆದಿರುವ ಪರವಾನಗಿ ಹಿಡಿದು ದೆಹಲಿಯಲ್ಲಿ ಇಳಿದರೆ ವಿಮಾನದ ನಿಯಮ ಸರಿ ಇರುತ್ತೆ, ಆದರೆ ಆಯುಧ ಕಾಯ್ದೆ ತಪ್ಪಿರುತ್ತೆ.

ಇದನ್ನೂ ಹೇಳಬೇಕು. ‘ಚೆಕ್-ಇನ್‌ನಲ್ಲಿ ಹಾಕಬಹುದು’ ಅಂದರೆ ಸೂಟ್‌ಕೇಸಿನಲ್ಲಿ ಸೀರೆ ಕೆಳಗೆ ಇಟ್ಟು ಸುಮ್ಮನೆ ಬೆಲ್ಟಿಗೆ ಬಿಡಬಹುದು ಅಂತಲ್ಲ. ಕೆಳಗೆ ಹೋಗುವ ಬ್ಯಾಗುಗಳೂ ಎಕ್ಸ್‌ರೇ ಆಗುತ್ತವೆ. ಆ ಪರದೆಯಲ್ಲಿ ಬಟ್ಟೆ, ತಿಂಡಿ, ಕಾಗದ ಕಿತ್ತಳೆ ಬಣ್ಣದಲ್ಲಿ ಕಾಣುತ್ತೆ, ಲೋಹ ನೀಲಿ. ಸೀಸ, ಹಿತ್ತಾಳೆ ಸೇರಿದ ಗುಂಡು ಕಡುನೀಲಿಯ ಪುಟ್ಟ ಪೆನ್ಸಿಲ್ ತುಂಡಿನ ಹಾಗೆ ಎದ್ದು ಕಾಣುತ್ತೆ.

ಈಗ ನಮ್ಮ ಕೊಡಗಿಗೆ ಬರೋಣ. ಈ ವಿಷಯ ಬೇರೆ ಯಾವ ಜಿಲ್ಲೆಯವರಿಗಿಂತ ಕೊಡಗಿನವರಿಗೆ ಹೆಚ್ಚು ಬೇಕು. 1861ರಲ್ಲಿ ಬ್ರಿಟಿಷ್ ಆಡಳಿತ ಕೊಟ್ಟ ವಿನಾಯಿತಿ ಇವತ್ತಿಗೂ ನಡೆದು ಬಂದಿದೆ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಕೋವಿ ಇಟ್ಟುಕೊಳ್ಳಲು ಆಯುಧ ಕಾಯ್ದೆಯ ಪರವಾನಗಿ ಬೇಕಿಲ್ಲ. 2019ರ ಅಕ್ಟೋಬರ್‌ನಲ್ಲಿ ಕೇಂದ್ರ ಗೃಹ ಸಚಿವಾಲಯ ಇದನ್ನು 2029ರವರೆಗೆ ಮುಂದುವರಿಸಿತು. ಕೋರ್ಟಿನಲ್ಲಿ ಪ್ರಶ್ನೆ ಮಾಡಿದರು. 2021ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ವಿನಾಯಿತಿಯನ್ನು ಎತ್ತಿಹಿಡಿಯಿತು. ಕೈಲ್ ಪೊಳ್ದ್ ದಿನ ಕೋವಿಗೆ ಪೂಜೆ, ಪುತ್ತರಿಯಲ್ಲಿ ಕದಿರು ತೆಗೆಯುವಾಗ ಒಂದು ಗುಂಡು, ಗಂಡು ಮಗು ಹುಟ್ಟಿದರೆ ಒಂದು, ಸಾವಾದರೆ ಎರಡು. ಅಲ್ಲಿ ಕೋವಿ ಅಂದರೆ ಮನೆಯ ಒಬ್ಬ ಸದಸ್ಯ ಇದ್ದ ಹಾಗೆ.

ಆದರೆ ವಿನಾಯಿತಿ ಇರುವುದು ಪರವಾನಗಿಯಿಂದ. ವಿಮಾನದ ನಿಯಮದಿಂದ ಅಲ್ಲ. 1937ರ ವಿಮಾನ ನಿಯಮಗಳಲ್ಲೇ ಲಿಖಿತ ಅನುಮತಿ ಇಲ್ಲದೆ ವಿಮಾನದಲ್ಲಿ ಆಯುಧ, ಮದ್ದುಗುಂಡು ಒಯ್ಯಬಾರದು ಅಂತ ಇದೆ. ಅದು ಮಡಿಕೇರಿಯವರಿಗೂ ಒಂದೇ, ಮೀರತ್‌ನವರಿಗೂ ಒಂದೇ. ಇನ್ನೊಂದು ಪ್ರಾಯೋಗಿಕ ತೊಂದರೆ ನೋಡಿ. ವಿರಾಜಪೇಟೆ ಕಡೆಯವರು ಕಣ್ಣೂರಿನಿಂದ, ಉಳಿದವರು ಬೆಂಗಳೂರಿನಿಂದಲೋ ಮಂಗಳೂರಿನಿಂದಲೋ ಹತ್ತುತ್ತಾರೆ. ಈ ಕಡೆಯ ಸಿಬ್ಬಂದಿಗೆ ಕೊಡಗು, ಕೋವಿ, ಜಮ್ಮಾ ಅಂದರೆ ಅಷ್ಟಿಷ್ಟು ಗೊತ್ತಿರುತ್ತೆ. ವಾಪಸ್ ಬರುವಾಗ ಕೋಲ್ಕತ್ತದ ಕೌಂಟರ್‌ನಲ್ಲಿ ಕೂತ ಇಪ್ಪತ್ತೈದರ ಹುಡುಗ ‘ಲೈಸೆನ್ಸ್ ಕೊಡಿ’ ಅನ್ನುತ್ತಾನೆ. ‘ನಮಗೆ ಲೈಸೆನ್ಸೇ ಬೇಕಿಲ್ಲ’ ಅಂದರೆ ಅವನು ನಗುವುದಿಲ್ಲ, ಪೊಲೀಸರನ್ನು ಕರೆಯುತ್ತಾನೆ. ತಪ್ಪು ಅವನದ್ದೂ ಅಲ್ಲ, ಇಡೀ ದೇಶದಲ್ಲಿ ಅಪರೂಪವಾದ ವಿನಾಯಿತಿ ಇದು. ಅದಕ್ಕೇ ಜಿಲ್ಲಾಡಳಿತ ಕೊಟ್ಟ ವಿನಾಯಿತಿ ಪತ್ರದ ಮೂಲ ಪ್ರತಿ, ಕೇಂದ್ರದ ಅಧಿಸೂಚನೆಯ ಪ್ರತಿ ಎರಡೂ ಕೈಯಲ್ಲಿರಲಿ. ಹೋಗುವ ಏರ್‌ಲೈನ್‌ನಿಂದ ಮೊದಲೇ ಇಮೇಲ್‌ನಲ್ಲಿ ಒಪ್ಪಿಗೆ ಪಡೆದಿರಲಿ. ಮದುವೆಗೆ ಹೊರಟವರಿಗೆ ಒಂದು ಮಾತು: ಕುಪ್ಪಸದ ಜೊತೆಗಿನ ಪೀಚೆಕತ್ತಿಯೂ ಚೆಕ್-ಇನ್ ಬ್ಯಾಗಿಗೇ ಹೋಗಬೇಕು.

ಕಾಗದ ಇದ್ದರೂ ಕಷ್ಟ ತಪ್ಪಲ್ಲ ಅನ್ನುವುದಕ್ಕೆ ಶೂಟರ್‌ಗಳೇ ಸಾಕ್ಷಿ. 2021ರ ಫೆಬ್ರವರಿಯಲ್ಲಿ ದೆಹಲಿಯಿಂದ ಭೋಪಾಲ್‌ಗೆ ತರಬೇತಿಗೆ ಹೊರಟಿದ್ದ ಮನು ಭಾಕರ್ ಅವರನ್ನು ಏರ್‌ಪೋರ್ಟ್‌ನಲ್ಲಿ ತಡೆದರು. ದಾಖಲೆ, ಅನುಮತಿ ಎಲ್ಲ ಇದ್ದರೂ 10,200 ರೂಪಾಯಿ ಕೇಳುತ್ತಿದ್ದಾರೆ ಅಂತ ಆಕೆ ಟ್ವೀಟ್ ಮಾಡಿದರು. ಆಗಿನ ಕ್ರೀಡಾ ಸಚಿವ ಕಿರಣ್ ರಿಜಿಜು ಮಧ್ಯೆ ಬಂದ ಮೇಲೆ ವಿಮಾನ ಹತ್ತಿದರು. ಏರ್‌ಲೈನ್ ತಾನು ನಿಯಮದ ಪ್ರಕಾರವೇ ದಾಖಲೆ ಕೇಳಿದ್ದು ಅಂತ ಹೇಳಿತು. ಮೂರು ವರ್ಷದ ನಂತರ ಅದೇ ಹುಡುಗಿ ಪ್ಯಾರಿಸ್‌ನಿಂದ ಎರಡು ಒಲಿಂಪಿಕ್ ಪದಕ ತಂದಳು. ಅವಳಿಗಾದರೆ ಸಚಿವರು ಸಿಕ್ಕರು. ಬೆಂಗಳೂರಿನಿಂದ ರಾಜ್ಯಮಟ್ಟದ ಸ್ಪರ್ಧೆಗೆ ಹೊರಡುವ ಹದಿನಾರರ ಹುಡುಗನ ಟ್ವೀಟನ್ನು ಯಾರು ಓದುತ್ತಾರೆ? ಕೌಂಟರ್ ಸಿಬ್ಬಂದಿಗೆ ಇದರ ಬಗ್ಗೆ ಸರಿಯಾದ ತರಬೇತಿ ಕೊಡುವುದು ಏರ್‌ಲೈನ್‌ಗಳ ಕೆಲಸ, ಅದು ಆಗುತ್ತಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಏರ್ ರೈಫಲ್ ಇಟ್ಟುಕೊಂಡವರಿಗೂ ಇದು ಅನ್ವಯಿಸುತ್ತೆ. 0.177 ಅಳತೆಯ, 20 ಜೂಲ್‌ಗಿಂತ ಹೆಚ್ಚು ಶಕ್ತಿ ಇಲ್ಲದ ಏರ್ ಗನ್‌ಗೆ ನಮ್ಮಲ್ಲಿ ಪರವಾನಗಿ ಬೇಡ. ಹಾಗಂತ ಕೈಚೀಲದಲ್ಲಿ ಒಯ್ಯುವ ಹಾಗಿಲ್ಲ. ಅದರ ಗಾಳಿಯ ಸಿಲಿಂಡರ್ ಸುಮಾರು 200 ಬಾರ್ ಒತ್ತಡದ್ದು. ಅಂದರೆ ಕಾರಿನ ಟೈರಿನ ನೂರು ಪಟ್ಟು. ಪ್ರಯಾಣಕ್ಕೆ ಮುಂಚೆ ಅದನ್ನು ಖಾಲಿ ಮಾಡಬೇಕು.

ಇನ್ನು ಅಮೆರಿಕ. ಅಲ್ಲಿ ಇದು ದಿನನಿತ್ಯದ ವ್ಯವಹಾರ. ಖಾಲಿ ಗನ್, ಗಟ್ಟಿ ಪೆಟ್ಟಿಗೆ, ಬೀಗ, ಕೌಂಟರ್‌ನಲ್ಲಿ ಘೋಷಣೆ, ಅಷ್ಟೇ. ಕೀಲಿ ಪ್ರಯಾಣಿಕರ ಹತ್ತಿರ ಮಾತ್ರ ಇರಬೇಕು. ಇಲ್ಲೊಂದು ಮಜಾ ಇದೆ. ಓಟದ ಸ್ಪರ್ಧೆಗೆ ಹಾರಿಸುವ ಸ್ಟಾರ್ಟರ್ ಪಿಸ್ತೂಲನ್ನೂ ಅಲ್ಲಿನ ನಿಯಮ ಗನ್ ಅಂತಲೇ ಲೆಕ್ಕ ಹಾಕುತ್ತೆ. ದುಬಾರಿ ಕ್ಯಾಮೆರಾ ಒಯ್ಯುವ ಕೆಲವು ಫೋಟೋಗ್ರಾಫರ್‌ಗಳು ಒಂದು ಸ್ಟಾರ್ಟರ್ ಪಿಸ್ತೂಲನ್ನೂ ಅದೇ ಪೆಟ್ಟಿಗೆಗೆ ಹಾಕಿ ಘೋಷಿಸಿಬಿಡುತ್ತಾರೆ. ಗನ್ ಇರುವ ಪೆಟ್ಟಿಗೆಯನ್ನು ಯಾರೂ ಕಳೆದುಹಾಕುವುದಿಲ್ಲವಲ್ಲ! ನಮ್ಮ ಕ್ಯಾಮೆರಾಮನ್‌ಗಳಿಗೆ ಇದನ್ನು ಹೇಳಿದರೆ ಬಿದ್ದು ಬಿದ್ದು ನಕ್ಕರು.

ಇಷ್ಟು ಸುಲಭ ಇದ್ದರೂ ಜನ ಏನು ಮಾಡುತ್ತಾರೆ? 2023ರಲ್ಲಿ ಅಮೆರಿಕದ ಏರ್‌ಪೋರ್ಟ್ ತಪಾಸಣೆಯಲ್ಲಿ ಕೈಚೀಲಗಳಲ್ಲಿ ಸಿಕ್ಕ ಗನ್‌ಗಳ ಸಂಖ್ಯೆ 6,737. ಅದರಲ್ಲಿ ಶೇಕಡ 93ರಷ್ಟು ಲೋಡ್ ಆಗಿದ್ದವು. 2024ರಲ್ಲಿ 6,678. ಎರಡೂ ವರ್ಷ ಎಲ್ಲಕ್ಕಿಂತ ಹೆಚ್ಚು ಸಿಕ್ಕಿದ್ದು ಅಟ್ಲಾಂಟಾದಲ್ಲಿ. ಸಿಕ್ಕಿಬಿದ್ದವರು ಹೆಚ್ಚಾಗಿ ಕೊಡುವ ಉತ್ತರ ಒಂದೇ, ‘ಬ್ಯಾಗಿನಲ್ಲಿ ಇದ್ದದ್ದು ಮರೆತೇಹೋಗಿತ್ತು.’ 2021ರ ನವೆಂಬರ್‌ನಲ್ಲಿ ಅದೇ ಅಟ್ಲಾಂಟಾದಲ್ಲಿ ಬ್ಯಾಗ್ ತೆರೆಯುವಾಗ ಪ್ರಯಾಣಿಕನೊಬ್ಬ ನುಗ್ಗಿ ಕೈಹಾಕಿದ, ಗುಂಡು ಹಾರಿತು, ಜನ ದಿಕ್ಕಾಪಾಲಾಗಿ ಓಡಿದರು, ವಿಮಾನ ಸಂಚಾರವನ್ನೇ ಸ್ವಲ್ಪ ಹೊತ್ತು ನಿಲ್ಲಿಸಬೇಕಾಯಿತು.

ನಿಯಮ ಪಾಲಿಸಿದವರಿಗೂ ಅಲ್ಲಿ ಒಂದು ಬಲೆ ಇದೆ. 2005ರಲ್ಲಿ ಯೂಟಾ ರಾಜ್ಯದ ಒಬ್ಬ ವ್ಯಕ್ತಿ ಗನ್ ಘೋಷಿಸಿ, ಬೀಗ ಹಾಕಿ, ನ್ಯೂಜೆರ್ಸಿಯ ನೆವಾರ್ಕ್ ಮೂಲಕ ಪೆನ್ಸಿಲ್ವೇನಿಯಾಕ್ಕೆ ಹೊರಟಿದ್ದ. ಮೊದಲ ವಿಮಾನ ತಡವಾಯಿತು, ಮುಂದಿನದು ತಪ್ಪಿತು. ಬ್ಯಾಗ್ ಅವನ ಕೈಗೆ ಬಂತು, ಹೋಟೆಲಿಗೆ ಹೋದ, ಬೆಳಗ್ಗೆ ಮತ್ತೆ ಕೌಂಟರ್‌ಗೆ ಬಂದು ಪ್ರಾಮಾಣಿಕವಾಗಿ ‘ಗನ್ ಇದೆ’ ಅಂದ. ಅರೆಸ್ಟ್! ನ್ಯೂಜೆರ್ಸಿಯ ಗನ್ ಕಾನೂನು ಬಿಗಿ. ಹಾದುಹೋಗುವ ಪ್ರಯಾಣಿಕರಿಗೆ ರಕ್ಷಣೆ ಕೊಡುವ 1986ರ ಕೇಂದ್ರ ಕಾಯ್ದೆ ಇದೆ, ಆದರೆ ಗನ್ ಕೈಗೆ ಸಿಗುವಂತಿರಬಾರದು ಅಂತ ಅದರ ಷರತ್ತು. ರಾತ್ರಿಯಿಡೀ ಬ್ಯಾಗ್ ನಿನ್ನ ಹತ್ತಿರವೇ ಇತ್ತಲ್ಲ ಅಂದಿತು ಕೋರ್ಟು. ಆರೋಪ ಕೈಬಿಟ್ಟರು ನಿಜ, ಆದರೆ ಅವನು ಹಾಕಿದ ಪರಿಹಾರದ ದಾವೆ 2010ರಲ್ಲಿ ಸೋತಿತು. ವಿಮಾನ ತಡವಾಗಿದ್ದು ಅವನ ಕೈಯಲ್ಲಿತ್ತಾ? ಇಲ್ಲ.

ಈ ವ್ಯವಸ್ಥೆಯಲ್ಲಿ ತೂತು ಇಲ್ಲವೇ ಇಲ್ಲ ಅಂತ ಹೇಳಿದರೆ ಅದೂ ಸುಳ್ಳಾಗುತ್ತೆ. 2017ರ ಜನವರಿ 6ರಂದು ಒಬ್ಬ ವ್ಯಕ್ತಿ ಅಲಾಸ್ಕಾದ ಆಂಕರೇಜ್‌ನಿಂದ ಫ್ಲೋರಿಡಾದ ಫೋರ್ಟ್ ಲಾಡರ್‌ಡೇಲ್‌ಗೆ ಬಂದ. ಅವನ ಲಗೇಜು ಒಂದೇ, ಸರಿಯಾಗಿ ಘೋಷಿಸಿದ್ದ ಗನ್ ಪೆಟ್ಟಿಗೆ. ಇಳಿದ ಮೇಲೆ ಅದನ್ನು ಪಡೆದು, ಶೌಚಾಲಯಕ್ಕೆ ಹೋಗಿ ಲೋಡ್ ಮಾಡಿ, ಲಗೇಜಿಗೆ ಕಾಯುತ್ತಿದ್ದವರ ಮೇಲೆ ಹಾರಿಸಿದ. ಐದು ಜನ ಸತ್ತರು. ಹಾರುವ ವಿಮಾನವನ್ನು ಈ ನಿಯಮಗಳು ಕಾಪಾಡುತ್ತವೆ. ಇಳಿದ ಮೇಲಿನ ಬೆಲ್ಟ್ ಪಕ್ಕದ ಜಾಗವನ್ನು ಕಾಪಾಡುವ ಬಗ್ಗೆ ಇವುಗಳಲ್ಲಿ ಹೆಚ್ಚೇನೂ ಇಲ್ಲ.

ಕೊನೆಗೆ ಆ ಒಂಟಿ ಗುಂಡಿಗೆ ಬರುತ್ತೇನೆ, ಯಾಕೆಂದರೆ ಕೋವಿ ಇರುವವರಿಗಿಂತ ಕೋವಿ ಇಲ್ಲದವರೇ ಇದರಲ್ಲಿ ಸಿಕ್ಕಿಬೀಳುವುದು. ಪರವಾನಗಿ ಇಲ್ಲದೆ ಮದ್ದುಗುಂಡು ಹೊಂದಿದ್ದರೆ ಆಯುಧ ಕಾಯ್ದೆಯ 25ನೇ ಸೆಕ್ಷನ್. 2019ರ ತಿದ್ದುಪಡಿಯ ನಂತರ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಜೈಲು, ಜೊತೆಗೆ ದಂಡ. ಒಂದು ಗುಂಡು ಅಂತ ರಿಯಾಯಿತಿ ಬರೆದಿಲ್ಲ. ಕಾಪಾಡುವುದು ಕೋರ್ಟು. ಹೊಂದಿರುವುದು ಅಂದರೆ ತಿಳಿದು ಹೊಂದಿರುವುದು ಅಂತ ಸುಪ್ರೀಂ ಕೋರ್ಟ್ 1972ರಲ್ಲೇ ಹೇಳಿದೆ, 1994ರಲ್ಲಿ ಸಂಜಯ್ ದತ್ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಮತ್ತೆ ಹೇಳಿದೆ. ಬ್ಯಾಗಿನಲ್ಲಿ ಗುಂಡು ಇದೆ ಅನ್ನುವ ಅರಿವೇ ಇಲ್ಲದಿದ್ದರೆ ಅಪರಾಧ ನಿಲ್ಲಲ್ಲ. ಈ ಆಧಾರದ ಮೇಲೆ ಹೈಕೋರ್ಟ್‌ಗಳು, ಮುಖ್ಯವಾಗಿ ದೆಹಲಿಯದ್ದು, ಇಂಥ ಎಷ್ಟೋ ಎಫ್‌ಐಆರ್‌ಗಳನ್ನು ರದ್ದು ಮಾಡಿವೆ. ಆದರೆ ರದ್ದಾಗುವ ಹೊತ್ತಿಗೆ ಏನೇನು ಹೋಗಿರುತ್ತೆ ಯೋಚಿಸಿ. ಅವತ್ತಿನ ವಿಮಾನ, ವಕೀಲರ ಫೀಸು, ತಿಂಗಳುಗಟ್ಟಲೆ ಓಡಾಟ. ಎಫ್‌ಐಆರ್ ಬಾಕಿ ಇದ್ದರೆ ಪಾಸ್‌ಪೋರ್ಟ್ ನವೀಕರಣ, ವೀಸಾ, ಹೊಸ ಕೆಲಸ ಎಲ್ಲದಕ್ಕೂ ತೊಡಕು.

ನಮ್ಮ ಸೆಕ್ಷನ್ನೇ ಬಿಗಿ ಅನ್ನಿಸಿದರೆ ಕೆರಿಬಿಯನ್‌ನ ಟರ್ಕ್ಸ್ ಅಂಡ್ ಕೈಕೋಸ್ ದ್ವೀಪಗಳನ್ನು ನೋಡಿ. ಅಲ್ಲಿ ಇಂಥ ಅಪರಾಧಕ್ಕೆ ಕನಿಷ್ಠ ಶಿಕ್ಷೆ 12 ವರ್ಷ ಇತ್ತು. ರಜೆಗೆ ಹೋದ ಕೆಲವು ಅಮೆರಿಕನ್ನರು 2024ರಲ್ಲಿ ವಾಪಸಾಗುವಾಗ ಬ್ಯಾಗಿನಲ್ಲಿ ನಾಲ್ಕಾರು ಗುಂಡು ಸಿಕ್ಕಿ ಅಲ್ಲೇ ತಿಂಗಳುಗಟ್ಟಲೆ ಉಳಿದುಬಿಟ್ಟರು. ಒಬ್ಬನದು ಹಿಂದೆಂದೋ ಜಿಂಕೆ ಬೇಟೆಗೆ ಒಯ್ದ ಬ್ಯಾಗು. ವಿಚಿತ್ರ ಅಂದರೆ ಹೋಗುವಾಗ ಅಮೆರಿಕದ ತಪಾಸಣೆ ಆ ಗುಂಡುಗಳನ್ನು ಹಿಡಿದಿರಲಿಲ್ಲ. ಕೊನೆಗೆ ಅಮಾನತು ಶಿಕ್ಷೆ, ದಂಡದಲ್ಲಿ ಮುಗಿಯಿತು. ಆ ವರ್ಷವೇ ಅಲ್ಲಿನ ಸರ್ಕಾರ ಕಾನೂನು ತಿದ್ದಿ ನ್ಯಾಯಾಧೀಶರಿಗೆ ವಿವೇಚನೆ ಕೊಟ್ಟಿತು. ಟೆಕ್ಸಸ್‌ನಲ್ಲಿರುವ ನಮ್ಮ ಹುಡುಗರು ವೀಕೆಂಡ್ ಶೂಟಿಂಗ್ ರೇಂಜಿಗೆ ಹೋಗಿ, ಸೋಮವಾರ ಅದೇ ಬ್ಯಾಕ್‌ಪ್ಯಾಕ್ ಹಾಕಿಕೊಂಡು ಬೆಂಗಳೂರು ವಿಮಾನ ಹತ್ತುವಾಗ ಇದನ್ನು ನೆನಪಿಸಿಕೊಳ್ಳಿ. ನೆನಪಿಗೆ ಅಂತ ಎತ್ತಿಟ್ಟುಕೊಂಡ ಖಾಲಿ ಕೋಶ ಕೂಡ ತಪಾಸಣೆಯಲ್ಲಿ ನಿಮ್ಮನ್ನು ಪಕ್ಕಕ್ಕೆ ಕರೆಸುತ್ತೆ.

ಮಲೆನಾಡು, ಕೊಡಗು, ಗಡಿಜಿಲ್ಲೆಗಳಲ್ಲಿ ಬೆಳೆ ಕಾಯಲು ಕೋವಿ ಇಟ್ಟುಕೊಂಡ ಮನೆಗಳಿವೆ. ನಿವೃತ್ತ ಸೈನಿಕರ ಮನೆಗಳಿವೆ. ಅಂಥ ಮನೆಯಿಂದ ಬ್ಯಾಗು ತಂದರೆ ಹೊರಡುವ ಹಿಂದಿನ ರಾತ್ರಿ ಪೂರ್ತಿ ತಲೆಕೆಳಗು ಮಾಡಿ ಕೊಡವಿ. ಲೈನಿಂಗ್ ಹರಿದಿದ್ದರೆ ಅದರೊಳಗೂ ಬೆರಳು ಹಾಕಿ ನೋಡಿ. ಏರ್‌ಪೋರ್ಟ್‌ನಲ್ಲೇ ಸಿಕ್ಕಿಬಿದ್ದರೆ ‘ನನ್ನ ಬ್ಯಾಗೇ ಅಲ್ಲ’ ಅಂತ ಕಥೆ ಕಟ್ಟಬೇಡಿ. ಬ್ಯಾಗು ಯಾರದು, ಮನೆಯಲ್ಲಿ ಯಾರ ಹೆಸರಿನಲ್ಲಿ ಪರವಾನಗಿ ಇದೆ ಅಂತ ಇದ್ದದ್ದು ಹೇಳಿ, ಆ ಪರವಾನಗಿಯ ಫೋಟೋ ತರಿಸಿ, ವಕೀಲರಿಗೆ ಫೋನ್ ಮಾಡಿ. ಮುಂದೆ ಹೈಕೋರ್ಟ್ ಕೇಳುವುದು ಅದನ್ನೇ. ಮನೆಯಲ್ಲೇ ಹಳೇ ತೋಟಾ ಸಿಕ್ಕರೆ ಕಸದ ಬುಟ್ಟಿಗೆ ಹಾಕಬೇಡಿ, ಅದು ಬೆಳಗ್ಗೆ ಪೌರಕಾರ್ಮಿಕರ ಕೈಗೆ ಹೋಗುತ್ತೆ. ಪರವಾನಗಿ ಇರುವವರ ಕೈಗೆ ವಾಪಸ್ ಕೊಡಿ. ಅವರು ತೀರಿಕೊಂಡಿದ್ದರೆ ಹಳೇ ಪರವಾನಗಿ ಪುಸ್ತಕ ಹಿಡಿದು ಹತ್ತಿರದ ಠಾಣೆಗೆ ಒಪ್ಪಿಸಿ, ಕೊಟ್ಟಿದ್ದಕ್ಕೆ ಒಂದು ಸ್ವೀಕೃತಿ ಬರೆಸಿಕೊಳ್ಳಿ.